ಹೂಡಿಕೆಯ ಹಣ ಯಾವ ದಾರಿಯಲ್ಲಿ ಹೋಗಬೇಕು?

ಯಾವುದರಲ್ಲಿ ದುಡ್ಡು ಹಾಕಿದರೆ ಎಷ್ಟು ಬರುತ್ತದೆ ಎಂಬ ಮಾತು ಮದುವೆ ಮನೆಯಿಂದ ಹಿಡಿದು ಆಫೀಸಿನ ಕ್ಯಾಂಟೀನಿನ ತನಕ ಎಲ್ಲ ಕಡೆ ನಡೆಯುತ್ತದೆ. ಹಾಕುವ ದುಡ್ಡು ನಮ್ಮ ಖಾತೆ ಬಿಟ್ಟ ಮೇಲೆ, ಹೂಡಿಕೆ ನಮ್ಮ ಹೆಸರಿಗೆ ಆಗುವ ಮುಂಚೆ, ನಡುವಿನ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಕೆಟ್ಟ ಹೂಡಿಕೆಯಿಂದ ಹಣ ಹೋದ ಕತೆಗಳ ಜೊತೆಗೆ, ಹೂಡಿಕೆಯೇ ಆಗದೆ ದಾರಿಯಲ್ಲೇ ಹಣ ಹೋದ ಕತೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಚೆಕ್, ಬ್ಯಾಂಕ್ ವರ್ಗಾವಣೆ, ಯುಪಿಐ, ಕ್ರಿಪ್ಟೊ ಎಂದು ದಾರಿಗಳು ಹಲವು. ಪ್ರತಿಯೊಂದನ್ನೂ ಎರಡು ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಹಣ ಯಾರ ಹೆಸರಿಗೆ ಹೋಯಿತು ಎಂಬ ಗುರುತು ಉಳಿಯುತ್ತದೆಯೇ? ತಪ್ಪಾದರೆ ಉತ್ತರ ಕೊಡಬೇಕಾದವರು ನಡುವೆ ಯಾರಾದರೂ ಇದ್ದಾರೆಯೇ? ವೇಗ, ಶುಲ್ಕ, ಅನುಕೂಲ ಇವೆಲ್ಲ ಆಮೇಲಿನ ಮಾತು.

ಈ ಪ್ರಶ್ನೆಗಳು ಹೊಸವಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಪಿಗ್ಮಿ ಠೇವಣಿ ಶುರು ಮಾಡಿದಾಗ, ಬ್ಯಾಂಕಿನ ಮೆಟ್ಟಿಲು ಹತ್ತದವರ ಮನೆಬಾಗಿಲಿಗೆ ಏಜೆಂಟ್ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಬರುತ್ತಿದ್ದ. ಇಡೀ ಏರ್ಪಾಡು ನಿಂತದ್ದು ಕಾರ್ಡಿನಲ್ಲಿ ಬೀಳುವ ಎಂಟ್ರಿಯ ಮೇಲೆ, ಮತ್ತು ಏಜೆಂಟನ ಹಿಂದೆ ಬ್ಯಾಂಕ್ ಇದೆ ಎಂಬ ಭರವಸೆಯ ಮೇಲೆ. ಸಹಕಾರ ಸಂಘಗಳ ಪಿಗ್ಮಿ ಈಗಲೂ ನಡೆಯುತ್ತದೆ, ಕಾರ್ಡಿನ ಬದಲು ಏಜೆಂಟರ ಕೈಯಲ್ಲಿ ಚೀಟಿ ಮುದ್ರಿಸುವ ಪುಟ್ಟ ಯಂತ್ರವಿದೆ. ನಗದನ್ನು ನಂಬಿಕೆಯ ಮೇಲೆ ಕೊಡುವ ಈ ದಾರಿ ಚಿಕ್ಕ ಮೊತ್ತಕ್ಕೆ ಸರಿ. ದೊಡ್ಡ ಮೊತ್ತಕ್ಕೆ ಕಾನೂನೇ ಅದನ್ನು ಮುಚ್ಚಿದೆ: ಷೇರು ದಲ್ಲಾಳಿಗಳು ಗ್ರಾಹಕರಿಂದ ನಗದು ಪಡೆಯುವಂತಿಲ್ಲ, ಮ್ಯೂಚುವಲ್ ಫಂಡಿನಲ್ಲಿ ಒಬ್ಬ ಹೂಡಿಕೆದಾರ ಒಂದು ಫಂಡ್ ಸಂಸ್ಥೆಗೆ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ನಗದು ಕೊಡುವಂತಿಲ್ಲ.

ಇನ್ನು ಚೆಕ್. ಅದು ಹಳೇ ಕಾಲದ್ದು ಎಂದು ತಳ್ಳಿಹಾಕುವವರ ಜೊತೆ ನನ್ನ ತಕರಾರಿದೆ. ಒಂದು ಚೆಕ್ ಹಾಳೆಯನ್ನು ಎದುರಿಗಿಟ್ಟುಕೊಂಡು ನೋಡಿ. ಕೆಳಗಿನ ಬಿಳಿ ಪಟ್ಟಿಯಲ್ಲಿ ಮೊದಲು ಆರು ಅಂಕಿಯ ಚೆಕ್ ನಂಬರು, ಆಮೇಲೆ ಒಂಬತ್ತು ಅಂಕಿಯ ಎಂಐಸಿಆರ್ ಕೋಡು. ಅದರಲ್ಲಿ ಮೊದಲ ಮೂರು ಊರಿನದು (ಬೆಂಗಳೂರಿನ ಚೆಕ್ಕಿನಲ್ಲಿ ಪಿನ್‌ಕೋಡಿನ ಹಾಗೆಯೇ 560 ಇರುತ್ತದೆ), ನಡುವಿನ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. ಮೇಲೆ ಹಣ ಪಡೆಯುವವರ ಹೆಸರಿನ ಗೆರೆ, ಅದರ ತುದಿಗೆ ‘ಅಥವಾ ಧಾರಕರಿಗೆ’ ಎಂದು ಅಚ್ಚಾಗಿರುತ್ತದೆ. ಆ ಮಾತನ್ನು ಹೊಡೆದುಹಾಕಿ, ಎಡ ಮೂಲೆಯಲ್ಲಿ ಎರಡು ಅಡ್ಡಗೆರೆ ಎಳೆದು ನಡುವೆ ‘ಅಕೌಂಟ್ ಪೇಯಿ’ ಎಂದು ಬರೆದರೆ ಆ ಹಣ ಹೆಸರಿನ ಗೆರೆಯಲ್ಲಿರುವವರ ಖಾತೆಗಲ್ಲದೆ ಬೇರೆ ಖಾತೆಗೆ ಜಮೆಯಾಗಕೂಡದು ಎಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಮ್ಯೂಚುವಲ್ ಫಂಡಿಗೆ ಕೊಡುವುದಾದರೆ ಹೆಸರಿನ ಗೆರೆಯಲ್ಲಿ ಯೋಜನೆಯ ಪೂರ್ಣ ಹೆಸರು, ಅದರ ಪಕ್ಕದಲ್ಲಿ ಫೋಲಿಯೊ ನಂಬರು ಅಥವಾ ಅರ್ಜಿ ನಂಬರು, ಉಳಿದ ಜಾಗಕ್ಕೆ ಒಂದು ಗೆರೆ. ಹಣದ ಜೊತೆಗೇ ಅದು ಯಾತಕ್ಕೆ ಎಂಬ ಮಾತೂ ಕಳಿಸುವವರ ಕೈಬರಹದಲ್ಲೇ ಹೋಗುತ್ತದೆ. ಈ ಗುಣ ಬೇರೆ ಯಾವ ದಾರಿಗೂ ಇಷ್ಟು ಚೆನ್ನಾಗಿಲ್ಲ.

ಅಪಾಯ ಇರುವುದು ಖಾಲಿ ಬಿಟ್ಟ ಗೆರೆಯಲ್ಲಿ. ಸಹಿ ಮಾಡಿದ ಖಾಲಿ ಚೆಕ್ಕನ್ನು ‘ನೀವೇ ತುಂಬಿಕೊಳ್ಳಿ’ ಎಂದು ಏಜೆಂಟರಿಗೋ ಪರಿಚಯದ ಬ್ಯಾಂಕ್ ನೌಕರರಿಗೋ ಕೊಡುವ ಅಭ್ಯಾಸ ವಯಸ್ಸಾದವರಲ್ಲಿ ಬಹಳ. ಠೇವಣಿ ಇಡಲು ‘ಯುವರ್‌ಸೆಲ್ಫ್’ ಎಂದು, ಅಂದರೆ ಬ್ಯಾಂಕಿನ ಹೆಸರಿಗೇ, ಬರೆಯುವ ಚೆಕ್ಕಿನಲ್ಲೂ ಇದೇ ತೊಂದರೆ. ಅದು ಯಾವ ಠೇವಣಿಗೆ, ಯಾರ ಹೆಸರಿನ ಠೇವಣಿಗೆ ಎಂದು ಅದೇ ಗೆರೆಯಲ್ಲಿ ಬರೆಯದಿದ್ದರೆ ಕೌಂಟರಿನ ಆಚೆ ಕೂತವರು ಅದನ್ನು ಇನ್ನೆಲ್ಲಿಗೋ ತಿರುಗಿಸಬಹುದು. 2021ರ ಜನವರಿಯಿಂದ 50,000 ರೂಪಾಯಿ ಮತ್ತು ಮೇಲಿನ ಚೆಕ್ಕುಗಳಿಗೆ ಪಾಸಿಟಿವ್ ಪೇ ಏರ್ಪಾಡು ಬಂದಿದೆ. ಚೆಕ್ ಕೊಟ್ಟವರು ತಾರೀಖು, ಹೆಸರು, ಮೊತ್ತವನ್ನು ಮೊದಲೇ ಬ್ಯಾಂಕಿಗೆ ತಿಳಿಸಿದರೆ, ಕ್ಲಿಯರಿಂಗಿಗೆ ಬಂದ ಚೆಕ್ಕನ್ನು ಅದರೊಡನೆ ತಾಳೆ ನೋಡುತ್ತಾರೆ. ಹೂಡಿಕೆಯ ಚೆಕ್ ಬರೆಯುವವರು ಇದನ್ನು ಬಿಡಬಾರದು.

ಚೆಕ್ಕಿನ ನಿಜವಾದ ದೌರ್ಬಲ್ಯ ಹೊತ್ತು. ಪಿಪಿಎಫ್ ಖಾತೆಯಲ್ಲಿ ತಿಂಗಳ ಐದನೇ ತಾರೀಖಿನಿಂದ ಕೊನೆಯ ದಿನದ ತನಕ ಇರುವ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಚೆಕ್ ಕೊಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಚೆಕ್ ಪಾಸಾದ ದಿನವನ್ನು ಹಿಡಿಯುತ್ತಾರೆ. ಏಪ್ರಿಲ್ 4ರಂದು ಒಂದೂವರೆ ಲಕ್ಷದ ಚೆಕ್ ಹಾಕಿ ಅದು 6ಕ್ಕೆ ಪಾಸಾದರೆ, ಶೇ 7.1ರ ದರದಲ್ಲಿ ಒಂದು ತಿಂಗಳ ಬಡ್ಡಿ, ಸುಮಾರು 887 ರೂಪಾಯಿ, ಹೋಯಿತು. ಮ್ಯೂಚುವಲ್ ಫಂಡಿನಲ್ಲೂ 2021ರ ಫೆಬ್ರುವರಿಯಿಂದ ಮೊತ್ತ ಎಷ್ಟೇ ಇರಲಿ, ಹಣ ಫಂಡಿನ ಖಾತೆಗೆ ಬಂದ ದಿನದ ಎನ್‌ಎವಿ, ಅಂದರೆ ಯೂನಿಟ್ ಬೆಲೆ, ಮಾತ್ರ ಸಿಗುತ್ತದೆ. ಈ ಕೊರತೆ ಈಗ ಕಡಿಮೆಯಾಗುತ್ತಿದೆ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಕ್ಲಿಯರಿಂಗ್ ಗುಂಪುಗುಂಪಾಗಿ ನಡೆಯುವುದು ನಿಂತು, ಹಗಲಿನ ನಿಗದಿತ ಹೊತ್ತಿನಲ್ಲಿ ಬಂದ ಚೆಕ್ಕಿನ ಚಿತ್ರ ಆಗಿಂದಾಗ ಹೋಗುತ್ತದೆ. ಹಣ ಕೊಡಬೇಕಾದ ಬ್ಯಾಂಕ್ ಅದೇ ಸಂಜೆ ಏಳರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು.

ಚೆಕ್ ಬೌನ್ಸ್ ಆದರೆ ಜೈಲು ಎಂಬ ಮಾತಿನ ಮೇಲೆ ಜನ ಅತಿ ನಂಬಿಕೆ ಇಟ್ಟಿದ್ದಾರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 138ನೇ ಕಲಂ ಸೇರಿದ್ದು 1988ರ ತಿದ್ದುಪಡಿಯಲ್ಲಿ. ಎರಡು ವರ್ಷದ ತನಕ ಸೆರೆ, ಚೆಕ್ ಮೊತ್ತದ ಎರಡು ಪಟ್ಟಿನ ತನಕ ದಂಡ. ಚೆಕ್ ವಾಪಸ್ಸಾದ ಸುದ್ದಿ ಬಂದ 30 ದಿನದೊಳಗೆ ನೋಟಿಸು, ಹಣ ಕೊಡಲು 15 ದಿನದ ಗಡುವು, ಆಮೇಲೆ ಒಂದು ತಿಂಗಳೊಳಗೆ ದೂರು. ಹೆಚ್ಚು ಬಡ್ಡಿಯ ಆಸೆ ತೋರಿಸುವ ಖಾಸಗಿ ಫೈನಾನ್ಸಿನವರು ಇದನ್ನೇ ಬಳಸಿಕೊಳ್ಳುತ್ತಾರೆ. ನೀವು ಕೊಟ್ಟ ಐದು ಲಕ್ಷಕ್ಕೆ ಮುಂದಿನ ತಾರೀಖಿನ ಚೆಕ್ಕನ್ನು ‘ಭದ್ರತೆಗೆ’ ಎಂದು ನಿಮ್ಮ ಕೈಗಿಡುತ್ತಾರೆ. 2012ರಿಂದ ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳ ಆಯಸ್ಸು. ‘ಇನ್ನೊಂದು ವಾರ ತಡೀರಿ, ಈಗ ಹಾಕಬೇಡಿ’ ಎನ್ನುತ್ತಾ ಆ ಮೂರು ತಿಂಗಳನ್ನು ದಾಟಿಸಿಬಿಟ್ಟರೆ ಕೈಯಲ್ಲಿರುವುದು ಬರೀ ಕಾಗದ. ದಾಟದಿದ್ದರೂ ಮೊಕದ್ದಮೆ ವರ್ಷಗಟ್ಟಲೆ. ಹೂಡಿಕೆಗೆ ಪ್ರತಿಯಾಗಿ ಚೆಕ್ ಕೊಡುತ್ತೇವೆ ಎಂದವರಲ್ಲಿ ದುಡ್ಡು ಇಡಬಾರದು ಎಂದೇ ನಾನು ಹೇಳುತ್ತೇನೆ. ನೋಂದಾಯಿತ ಸಂಸ್ಥೆ ಕೊಡುವುದು ಫೋಲಿಯೊ, ಡಿಮ್ಯಾಟ್ ಎಂಟ್ರಿ ಅಥವಾ ಠೇವಣಿ ರಸೀದಿ.

ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆಯಲ್ಲಿ ಆರ್‌ಟಿಜಿಎಸ್ 2004ರಲ್ಲಿ ಬಂತು, ಎನ್‌ಇಎಫ್‌ಟಿ 2005ರಲ್ಲಿ. ಆರ್‌ಟಿಜಿಎಸ್ಸಿಗೆ ಎರಡು ಲಕ್ಷ ಕನಿಷ್ಠ, ಒಂದೊಂದು ವರ್ಗಾವಣೆಯೂ ಆಗಿಂದಾಗ ಮುಗಿಯುತ್ತದೆ. ಎನ್‌ಇಎಫ್‌ಟಿ ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಸಲ ನಡೆಯುತ್ತದೆ, ಕನಿಷ್ಠ ಮೊತ್ತವಿಲ್ಲ. 2019ರ ಡಿಸೆಂಬರಿನಿಂದ ಎನ್‌ಇಎಫ್‌ಟಿ, ಅದರ ಮರುವರ್ಷದಿಂದ ಆರ್‌ಟಿಜಿಎಸ್, ಎರಡೂ ರಜೆಯಿಲ್ಲದೆ ದಿನದ 24 ಗಂಟೆ ತೆರೆದಿವೆ. ಐಎಂಪಿಎಸ್ ಐದು ಲಕ್ಷದ ತನಕ. ಕೊಟ್ಟ ಪ್ರತಿ ವರ್ಗಾವಣೆಗೂ ಯುಟಿಆರ್ ನಂಬರ್ ಬರುತ್ತದೆ, ಎನ್‌ಇಎಫ್‌ಟಿಗೆ 16 ಅಕ್ಷರ, ಆರ್‌ಟಿಜಿಎಸ್ಸಿಗೆ 22. ಆ ನಂಬರ್ ಹಿಡಿದು ಹಣ ಎಲ್ಲಿ ಜಮೆಯಾಯಿತು ಎಂದು ಬ್ಯಾಂಕ್ ಹೇಳಬಲ್ಲದು. ಜಮೆ ಆಗದಿದ್ದರೆ ಎನ್‌ಇಎಫ್‌ಟಿ ಹಣ ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಕ್ಕೆ ಬರಬೇಕು. ತಡವಾದರೆ ಬ್ಯಾಂಕು ರೆಪೊ ದರದ ಮೇಲೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಇದನ್ನು ಕೇಳಿ ಪಡೆಯುವ ಗ್ರಾಹಕರು ತೀರಾ ಕಡಿಮೆ.

ಇಷ್ಟು ಗಟ್ಟಿಯಾದ ವ್ಯವಸ್ಥೆಯಲ್ಲಿ ಒಂದು ದೊಡ್ಡ ಬಿರುಕು ವರ್ಷಾನುಗಟ್ಟಲೆ ಹಾಗೇ ಇತ್ತು. ಫಾರಂನಲ್ಲಿ ಪಡೆಯುವವರ ಹೆಸರು ಬರೆಸಿಕೊಂಡರೂ ಹಣ ಜಮೆಯಾಗುತ್ತಿದ್ದುದು ಖಾತೆ ಸಂಖ್ಯೆಯನ್ನಷ್ಟೇ ನೋಡಿ. ಹೆಸರಿನ ಜಾಗದಲ್ಲಿ ದೊಡ್ಡ ಫಂಡ್ ಸಂಸ್ಥೆಯ ಹೆಸರು ಬರೆದು, ಸಂಖ್ಯೆ ಯಾವುದೋ ಅಂಗಡಿಯ ಕರೆಂಟ್ ಖಾತೆಯದಾಗಿದ್ದರೂ ಹಣ ಹೋಗಿಬಿಡುತ್ತಿತ್ತು. ವಂಚಕರು ಬದುಕಿದ್ದೇ ಈ ಬಿರುಕಿನಲ್ಲಿ. 2025ರ ಏಪ್ರಿಲ್ 1ರಿಂದ, ಹಣ ಕಳಿಸುವ ಮುಂಚೆ ಆ ಖಾತೆ ನಿಜವಾಗಿ ಯಾರ ಹೆಸರಿನಲ್ಲಿದೆ ಎಂದು ಆರ್‌ಟಿಜಿಎಸ್, ಎನ್‌ಇಎಫ್‌ಟಿಗಳಲ್ಲೂ ನೋಡಿಕೊಳ್ಳುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಬೇಕಾಗಿದೆ. ಯುಪಿಐ, ಐಎಂಪಿಎಸ್‌ನಲ್ಲಿ ಅದು ಮೊದಲೇ ಇತ್ತು. ತೆರೆಯ ಮೇಲೆ ಬರುವ ಆ ಹೆಸರನ್ನು ಓದಲು ಬೇಕಾದದ್ದು ಎರಡು ಸೆಕೆಂಡು. ಸಲಹೆ ಕೊಟ್ಟವರು ಹೇಳಿದ ಹೆಸರು, ತೆರೆಯ ಮೇಲಿನ ಹೆಸರು ಒಂದೇ ಆಗಿಲ್ಲದಿದ್ದರೆ ಅಲ್ಲೇ ನಿಲ್ಲಬೇಕು.

ಯುಪಿಐ 2016ರಲ್ಲಿ ಬಂದಾಗ ತರಕಾರಿ ಅಂಗಡಿಯ ಚಿಲ್ಲರೆ ಸಮಸ್ಯೆಗೆ ಪರಿಹಾರದಂತೆ ಕಂಡಿತು. ಈಗ ಬಂಡವಾಳ ಪೇಟೆಯ ಪಾವತಿಗಳಿಗೆ ಒಂದು ಸಲಕ್ಕೆ ಐದು ಲಕ್ಷ, ದಿನಕ್ಕೆ ಹತ್ತು ಲಕ್ಷದ ತನಕ ಕಳಿಸಬಹುದು. ಎಸ್‌ಐಪಿ ಮಾಡುವವರಿಗೆ ಖಾತೆಯಿಂದ ತಾನಾಗಿ ಹಣ ತೆಗೆಯಲು ಅನುಮತಿ ಕೊಡುವ ಬ್ಯಾಂಕಿನ ನ್ಯಾಚ್ ಮ್ಯಾಂಡೇಟ್ ಇದೆ, ಯುಪಿಐ ಆಟೊಪೇ ಇದೆ. ಮ್ಯಾಂಡೇಟಿಗೆ ಸಹಿ ಹಾಕುವಾಗ ಗರಿಷ್ಠ ಮೊತ್ತ ಎಂಬ ಕಲಂ ಒಂದಿರುತ್ತದೆ. ತಿಂಗಳಿಗೆ ಐದು ಸಾವಿರದ ಎಸ್‌ಐಪಿಗೆ ಅಲ್ಲಿ ಒಂದು ಲಕ್ಷ ಎಂದು ತುಂಬಿಸಿಕೊಳ್ಳುವವರಿದ್ದಾರೆ. ಅಷ್ಟು ಬೇಕಿಲ್ಲ, ಕಡಿಮೆ ಮಾಡಿಸಿ.

ಆ್ಯಪ್ ಮೂಲಕ ಹಾಕಿದ ಹಣ ಮೊದಲು ಆ್ಯಪಿನವರ ಖಾತೆಗೆ ಹೋಗಿ, ಅಲ್ಲಿಂದ ಫಂಡಿಗೆ ಹೋಗುವ ಪದ್ಧತಿಯೊಂದಿತ್ತು. 2022ರ ಜುಲೈ 1ರಿಂದ ಷೇರು ಪೇಟೆಯ ನಿಯಂತ್ರಕ ಸೆಬಿ ಅದನ್ನು ನಿಲ್ಲಿಸಿತು. ಈಗ ಹೂಡಿಕೆದಾರರ ಖಾತೆಯಿಂದ ಹಣ ಮಧ್ಯವರ್ತಿಯನ್ನು ಮುಟ್ಟದೆ ಫಂಡಿನ ಕಡೆಗೇ ಹೋಗಬೇಕು. ಇದರ ಹಿನ್ನೆಲೆಯಲ್ಲಿ 2019ರ ನೆನಪಿದೆ. ಆ ವರ್ಷ ನವೆಂಬರಿನಲ್ಲಿ, ಗ್ರಾಹಕರ ಷೇರುಗಳನ್ನು ತನ್ನ ಸಾಲಕ್ಕೆ ಅಡವಿಟ್ಟ ಆರೋಪದ ಮೇಲೆ ಕಾರ್ವಿ ದಲ್ಲಾಳಿ ಸಂಸ್ಥೆಯ ವಿರುದ್ಧ ಸೆಬಿ ಆದೇಶ ಹೊರಡಿಸಿತು. ಮಧ್ಯವರ್ತಿಯ ಕೈಯಲ್ಲಿ ನಿಂತ ಹಣಕ್ಕೂ ಷೇರಿಗೂ ಏನಾಗಬಹುದು ಎಂದು ದೇಶಕ್ಕೆ ಗೊತ್ತಾಯಿತು. 2025ರ ಅಕ್ಟೋಬರಿನಿಂದ ನೋಂದಾಯಿತ ದಲ್ಲಾಳಿಗಳು ಮತ್ತು ಫಂಡುಗಳಿಗೆ ‘ವ್ಯಾಲಿಡ್’ ಎಂಬ ಪದವಿರುವ ಪ್ರತ್ಯೇಕ ಯುಪಿಐ ವಿಳಾಸ ಕೊಡಲಾಗಿದೆ. ಅಂಥ ವಿಳಾಸಕ್ಕೆ ಹಣ ಕಳಿಸುವಾಗ ಹಸಿರು ತ್ರಿಕೋನದೊಳಗೆ ಹೆಬ್ಬೆರಳು ಎತ್ತಿದ ಗುರುತು ಕಾಣುತ್ತದೆ. ನಕಲಿ ಆ್ಯಪಿನವರಿಗೆ ಈ ವಿಳಾಸ ಸಿಗುವುದಿಲ್ಲ.

ನನ್ನ ಮಟ್ಟಿಗೆ ಇಡೀ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ ಹಣ ಹೋಗದೇ ಇರುವ ದಾರಿ. ಐಪಿಒ ಅರ್ಜಿಯ ‘ಆಸ್ಬಾ’ ಎಂದರೆ ಅದೇ. ಹಿಂದೆ ಹೊಸ ಷೇರಿಗೆ ಅರ್ಜಿ ಹಾಕುವವರು ಪೂರ್ತಿ ಮೊತ್ತದ ಚೆಕ್ ಲಗತ್ತಿಸಬೇಕಿತ್ತು. ಷೇರು ಸಿಗದವರ ಹಣ ವಾರಗಟ್ಟಲೆ ಕಂಪನಿಯ ಕಡೆ ಉಳಿದು, ರಿಫಂಡ್ ಆರ್ಡರ್ ಅಂಚೆಯಲ್ಲಿ ಬರುತ್ತಿತ್ತು, ಎಷ್ಟೋ ಸಲ ವಿಳಾಸ ತಪ್ಪಿ ಬರುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ‘ಸ್ಟಾಕ್‌ಇನ್ವೆಸ್ಟ್’ ಎಂಬ ಪತ್ರದ ಮೂಲಕ ಹಣವನ್ನು ಬ್ಯಾಂಕಿನಲ್ಲೇ ಹಿಡಿದಿಡುವ ಪ್ರಯತ್ನವಾಯಿತು, ಉಳಿಯಲಿಲ್ಲ. ಅದೇ ವಿಚಾರ 2008ರಲ್ಲಿ ಆಸ್ಬಾ ಆಗಿ ಮರಳಿತು, 2016ರಿಂದ ಎಲ್ಲರಿಗೂ ಕಡ್ಡಾಯ, 2019ರಿಂದ ಯುಪಿಐ ಮೂಲಕವೂ ಸಾಧ್ಯ. ಅರ್ಜಿ ಹಾಕಿದ ದಿನ ಪಾಸ್‌ಬುಕ್ ತೆಗೆದು ನೋಡಿದರೆ ಡೆಬಿಟ್ ಎಂಟ್ರಿ ಇರುವುದಿಲ್ಲ. ಒಟ್ಟು ಮೊತ್ತ ಹಾಗೇ ಇರುತ್ತದೆ, ಬಳಸಬಹುದಾದ ಮೊತ್ತ ಮಾತ್ರ ಕಡಿಮೆ. ಉಳಿತಾಯ ಖಾತೆಯ ಬಡ್ಡಿ ಆ ದಿನಗಳಿಗೂ ಸೇರುತ್ತದೆ. ಷೇರು ಸಿಕ್ಕರೆ ಸಿಕ್ಕಷ್ಟಕ್ಕೆ ಡೆಬಿಟ್, ಸಿಗದಿದ್ದರೆ ಬ್ಲಾಕ್ ತೆಗೆದರಾಯಿತು. 2010ರಲ್ಲಿ ಐಪಿಒ ಮುಗಿದು ಷೇರು ಪಟ್ಟಿಯಾಗಲು ಹನ್ನೆರಡು ದಿನ ಬೇಕಿತ್ತು. 2023ರ ಡಿಸೆಂಬರಿನಿಂದ ಮೂರೇ ದಿನ. ಇದೇ ಬ್ಲಾಕ್ ಪದ್ಧತಿ 2024ರ ಜನವರಿಯಿಂದ ದಿನನಿತ್ಯದ ಷೇರು ಖರೀದಿಗೂ ಐಚ್ಛಿಕವಾಗಿ ಬಂದಿದೆ. ದಲ್ಲಾಳಿಯ ಖಾತೆಯಲ್ಲಿ ಹಣ ತುಂಬಿಟ್ಟು ಕಾಯುವವರು ಈ ಕಡೆಗೆ ತಿರುಗಬೇಕು.

ದಾರಿ ಶುದ್ಧವಾಗಿದ್ದರೆ ಸಾಲದು ಎನ್ನುವುದಕ್ಕೆ ಬೆಂಗಳೂರಿನ ಶಿವಾಜಿನಗರವೇ ಸಾಕ್ಷಿ. 2019ರ ಜೂನ್‌ನಲ್ಲಿ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಠೇವಣಿ ಎನ್ನದೆ, ಹಣ ಹಾಕಿದವರನ್ನು ಪಾಲುದಾರರು ಎಂದು ಕಾಗದದಲ್ಲಿ ಬರೆಸಿಕೊಂಡಿದ್ದರಿಂದ ಅದು ಬಹಳ ಕಾಲ ಠೇವಣಿ ನಿಯಮಗಳ ಕಣ್ಣಿಗೆ ಬೀಳಲಿಲ್ಲ. ಬ್ಯಾಂಕಿನ ಮೂಲಕ ಕಳಿಸಿದ ಹಣವಾದರೆ ಲೆಕ್ಕ ಸಿಗುತ್ತದೆ, ಠೇವಣಿದಾರರ ಹಿತರಕ್ಷಣೆಗಾಗಿ ಇರುವ ರಾಜ್ಯದ 2004ರ ಕಾಯ್ದೆಯಡಿ ಹಕ್ಕು ಕೇಳಲು ಆ ಲೆಕ್ಕ ಬೇಕು. ಆದರೆ ಲೆಕ್ಕ ಸಿಕ್ಕ ಮಾತ್ರಕ್ಕೆ ದುಡ್ಡು ಸಿಗುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರ ತೊಡಕು ಬೇರೆಯೇ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಅಲ್ಲಿನ ಎಕ್ಸ್‌ಚೇಂಜ್ ಮನೆಗಳ ಮೂಲಕ ಅಪ್ಪನ ಖಾತೆಗೋ ತಮ್ಮನ ಖಾತೆಗೋ ಹಣ ಕಳಿಸಿ, ‘ನನ್ನ ಹೆಸರಲ್ಲಿ ಫಂಡಿಗೆ ಹಾಕು’ ಎನ್ನುತ್ತಾರೆ. ಫಂಡು ಅದನ್ನು ಒಪ್ಪುವುದಿಲ್ಲ. ಬೇರೆಯವರ ಖಾತೆಯ ಚೆಕ್ಕಾಗಲಿ ವರ್ಗಾವಣೆಯಾಗಲಿ, ಮಗುವಿನ ಹೆಸರಿನಲ್ಲಿ ಹೆತ್ತವರು ಹಾಕುವಂಥ ಕೆಲವು ಸಂದರ್ಭ ಬಿಟ್ಟರೆ ವಾಪಸ್ಸೇ. ಹೊರಗೆ ದುಡಿದ ಹಣ ಎನ್‌ಆರ್‌ಇ ಖಾತೆಗೆ ಬಂದು ಅಲ್ಲಿಂದ ಹೂಡಿಕೆಯಾದರೆ ಮರಳಿ ಹೊರಗೆ ಒಯ್ಯುವುದು ಸಲೀಸು. ಊರಿನ ಬಾಡಿಗೆ, ತೋಟದ ಆದಾಯ ಎನ್‌ಆರ್‌ಒ ಖಾತೆಗೆ ಸೇರಬೇಕು, ಅಲ್ಲಿಂದ ಹೊರಗೆ ಒಯ್ಯಲು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿ, ಜೊತೆಗೆ ತೆರಿಗೆ ಕಾಗದಗಳು. ಹೊರಡುವ ಮುಂಚಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ನಡೆಸಿಕೊಂಡು ಹೋಗುವುದು ನಿಯಮಕ್ಕೆ ವಿರುದ್ಧ. ಇಲ್ಲಿಂದ ಹೊರಗೆ ಹೂಡುವವರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ತನಕ ಅವಕಾಶವಿದೆ. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದು ಲೆಕ್ಕಕ್ಕೆ ಸಿಗುವುದು ನಿಜ, ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ.

ಕ್ರಿಪ್ಟೊ ಬಗ್ಗೆ ಎರಡು ಬಗೆಯ ಅತಿಮಾತು ಕೇಳುತ್ತೇವೆ, ಅದು ಅಪರಾಧ ಎಂದೊಂದು, ಬ್ಯಾಂಕುಗಳ ಕಾಲ ಮುಗಿಯಿತು ಎಂದಿನ್ನೊಂದು. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಮಾಡಿತು. 2022ರಿಂದ ಲಾಭಕ್ಕೆ ಶೇ 30 ತೆರಿಗೆ, ವರ್ಗಾವಣೆಗೆ ಶೇ 1 ಟಿಡಿಎಸ್ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಇಟ್ಟುಕೊಂಡರೆ ಅಪರಾಧವಲ್ಲ, ಆದರೆ ಪಾವತಿಯ ದಾರಿಯಾಗಿ ನಮ್ಮ ದೇಶದಲ್ಲಿ ಅದಕ್ಕೆ ನೆಲೆಯಿಲ್ಲ. ಸೆಬಿ ನಿಯಂತ್ರಣದ ಯಾವ ಫಂಡೂ ದಲ್ಲಾಳಿಯೂ ಅದನ್ನು ಪಡೆಯುವುದಿಲ್ಲ. ಮೇಲಾಗಿ, ಬಿಟ್‌ಕಾಯಿನ್ ಕೊಟ್ಟು ಏನನ್ನಾದರೂ ಕೊಂಡರೆ ತೆರಿಗೆಯ ಲೆಕ್ಕದಲ್ಲಿ ನೀವು ಆ ಬಿಟ್‌ಕಾಯಿನ್ ಮಾರಿದ ಹಾಗೆ. ಒಂದು ಹೂಡಿಕೆಗೆ ಹಣ ಕಟ್ಟುವ ಕ್ಷಣದಲ್ಲೇ ಇನ್ನೊಂದರ ತೆರಿಗೆ ತಲೆಮೇಲೆ ಬರುತ್ತದೆ.

ತಾಂತ್ರಿಕವಾಗಿ ಅದರ ಸೊಗಸು ನಿಜವಾದದ್ದೇ. ರಾತ್ರಿ ಹಗಲು, ದೇಶ ವಿದೇಶ ಎನ್ನದೆ ಯಾರ ಅನುಮತಿಯೂ ಬೇಡದೆ ಹೋಗುತ್ತದೆ. ಬಿಟ್‌ಕಾಯಿನ್ ಜಾಲದಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ ಸೇರುತ್ತದೆ, ಸೇರಿದ್ದನ್ನು ಯಾರು ಬೇಕಾದರೂ ನೋಡಬಹುದು. ಆದರೆ ಕಾಣುವುದು ವಿಳಾಸ, ಅದರ ಹಿಂದಿನ ಹೆಸರು ಕಾಣುವುದಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಅರ್ಧ, ಎರಡನೆಯದಕ್ಕೆ ಉತ್ತರವೇ ಇಲ್ಲ. ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯ ಕಳಿಸುವ ತೆರೆಯಲ್ಲಿ ಮೊದಲು ಜಾಲ ಆರಿಸಬೇಕು. ಟ್ರಾನ್ ಜಾಲದ ವಿಳಾಸ ಟಿ ಅಕ್ಷರದಿಂದ ಶುರುವಾಗುತ್ತದೆ, ಈಥೀರಿಯಂನದು 0ಎಕ್ಸ್‌ನಿಂದ. ಈಥೀರಿಯಂನಂತೆಯೇ 0ಎಕ್ಸ್‌ನಿಂದ ಶುರುವಾಗುವ ವಿಳಾಸ ಬೇರೆ ಜಾಲಗಳಲ್ಲೂ ಇರುವುದರಿಂದ, ಪಡೆಯುವ ಎಕ್ಸ್‌ಚೇಂಜ್ ಒಪ್ಪದ ಜಾಲವನ್ನು ಒತ್ತಿಬಿಟ್ಟರೆ ಹಣ ಹೊರಟು ಹೋಗುತ್ತದೆ, ಜಮೆ ಆಗುವುದಿಲ್ಲ. ಹಿಂದಕ್ಕೆ ತರಿಸಲು ಎರಡು ಗಂಟೆಯ ನಿಯಮವಾಗಲಿ ದಂಡದ ಬಡ್ಡಿಯಾಗಲಿ ಅಲ್ಲಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾದಾಗ ಗ್ರಾಹಕರು ತಮ್ಮದೇ ಆಸ್ತಿ ತೆಗೆಯಲಾಗದೆ ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ರಿಸರ್ವ್ ಬ್ಯಾಂಕಿನ ಇ-ರೂಪಾಯಿಯನ್ನು ಇದರ ಜೊತೆ ಸೇರಿಸಬಾರದು. 2022ರ ಡಿಸೆಂಬರಿನಲ್ಲಿ ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಜನರಿಗೆ ಪ್ರಯೋಗವಾಗಿ ಬಂದ ಅದು ರಿಸರ್ವ್ ಬ್ಯಾಂಕೇ ಹೊಣೆ ಹೊತ್ತ ರೂಪಾಯಿ.

ಇಂದು ಹೂಡಿಕೆಯ ಹೆಸರಿನಲ್ಲಿ ನಡೆಯುವ ಮೋಸ ಈ ಎಲ್ಲ ದಾರಿಗಳನ್ನೂ ಒಂದರ ಹಿಂದೊಂದು ಬಳಸುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುತ್ತಾರೆ, ಸೆಬಿ ಮುದ್ರೆಯ ನಕಲಿ ಪ್ರಮಾಣಪತ್ರ ತೋರಿಸುತ್ತಾರೆ, ಆ್ಯಪಿನಲ್ಲಿ ಲಾಭ ಏರುತ್ತಾ ಹೋಗುತ್ತದೆ. ಹಣ ಮಾತ್ರ ಪ್ರತಿ ಸಲವೂ ಹೊಸ ಖಾತೆಗೆ: ಇವತ್ತು ಯಾವುದೋ ಟ್ರೇಡರ್ಸ್, ನಾಳೆ ಯಾವುದೋ ಎಂಟರ್‌ಪ್ರೈಸಸ್. ಕಮಿಷನ್ ಆಸೆಗೆ ಬಾಡಿಗೆ ಕೊಟ್ಟ ಇಂಥ ಮ್ಯೂಲ್ ಖಾತೆಗಳಿಂದ ಹಣ ಚೂರುಚೂರಾಗಿ ಎರಡನೇ, ಮೂರನೇ ಸಾಲಿನ ಖಾತೆಗಳಿಗೆ ಹಂಚಿ, ಅನೇಕ ಸಲ ಯುಎಸ್‌ಡಿಟಿಯಾಗಿ ದೇಶ ದಾಟುತ್ತದೆ. ಅನುಮತಿಯಿಲ್ಲದ ಡೆಬಿಟ್ಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಒಟಿಪಿ ಹಾಕಿ ಕಳಿಸಿದ್ದು ಗ್ರಾಹಕರೇ.

ಇಂಥದ್ದಾದರೆ ಮನೆಯವರಿಗೆ ಹೇಗೆ ಹೇಳಲಿ ಎಂದು ನಾಚಿಕೆಯಲ್ಲಿ ಒಂದು ರಾತ್ರಿ ಕಳೆಯುವುದೇ ದೊಡ್ಡ ನಷ್ಟ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಹತ್ತಿರದ ಸೆನ್ ಪೊಲೀಸ್ ಠಾಣೆಗೆ ಹೋಗಬೇಕು. ಹಣ ಮೊದಲ ಒಂದೆರಡು ಖಾತೆಗಳಲ್ಲಿ ಇರುವಾಗಲೇ ದೂರು ತಲುಪಿದರೆ ಬ್ಯಾಂಕುಗಳು ಅದನ್ನು ಅಲ್ಲೇ ತಡೆಹಿಡಿಯಬಲ್ಲವು. ಫೋನ್ ಮಾಡುವಾಗ ಯುಟಿಆರ್ ನಂಬರ್, ಹಣ ಹೋದ ಹೊತ್ತು, ಮೊತ್ತ, ಎದುರಿನ ಖಾತೆ ಸಂಖ್ಯೆ ಕೈಯಲ್ಲಿರಲಿ. ದೂರಿಗೆ ಸಿಗುವ ಸ್ವೀಕೃತಿ ನಂಬರನ್ನು ಅದೇ ದಿನ ನಿಮ್ಮ ಬ್ಯಾಂಕಿನ ಶಾಖೆಗೆ ಬರವಣಿಗೆಯಲ್ಲಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.